ಲಿನಕ್ಸ್ ಕಲಿಯಬೇಕು, ಯಾವ ಪುಸ್ತಕ ಓದಲಿ?

ನಾನು ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಬಳಸುತ್ತೇನೆಂದು ಗೊತ್ತಾದವರೆಲ್ಲ ಇಂದಲ್ಲ ನಾಳೆ ಈ ಪ್ರಶ್ನೆ ಕೇಳುತ್ತಾರೆ. ಮೊದಲೆಲ್ಲ ಬಾಯಿಗೆ ಬಂದ ಒಂದು ಹೆಸರು ಹೇಳಿ ಮುಗಿಸುತ್ತಿದ್ದೆ. ಆರು ತಿಂಗಳ ನಂತರ ವಿಚಾರಿಸಿದರೆ ಪುಸ್ತಕ ಮೂವತ್ತನೆಯ ಪುಟದಲ್ಲಿ ನಿಂತಿರುತ್ತಿತ್ತು. ಈಗ ನಾನೇ ಒಂದು ಪ್ರಶ್ನೆ ಕೇಳುತ್ತೇನೆ: ನಿಮಗೆ ಅದರಿಂದ ಆಗಬೇಕಾದ ಕೆಲಸ ಏನು? ಹಳೆಯ ಲ್ಯಾಪ್‌ಟಾಪ್‌ಗೆ ಜೀವ ಕೊಡಬೇಕೆನ್ನುವವರಿಗೂ, ಕಚೇರಿಯಲ್ಲಿ ಸರ್ವರ್ ನೋಡಿಕೊಳ್ಳುವ ಹೊಣೆ ದಿಢೀರನೆ ಹೆಗಲಿಗೆ ಬಿದ್ದವರಿಗೂ, ಲಿನಕ್ಸಿನ ತಿರುಳಾದ ಕರ್ನಲ್ಲಿನ ಒಳಗೆ ಏನು ನಡೆಯುತ್ತದೆಂಬ ಕುತೂಹಲ ಇರುವವರಿಗೂ ಒಂದೇ ಪುಸ್ತಕ ಹೇಳಿದರೆ ಮೂವರಿಗೂ ಮೋಸ.

ನನ್ನ ಮೊದಲ ಪುಸ್ತಕದ ಕಥೆ ಹೇಳುತ್ತೇನೆ. ಯಾರೋ ಓದಿ ಬಿಟ್ಟಿದ್ದ ದಪ್ಪ ಪುಸ್ತಕ, ಹಿಂಬದಿಯ ರಟ್ಟಿಗೆ ಅಂಟಿಸಿದ ಸಿಡಿ. ಚಿತ್ರಗಳಿಲ್ಲದ ಬರೀ ಅಕ್ಷರಗಳ ಪರದೆಯಲ್ಲಿ ಯಂತ್ರ ಶುರುವಾಗಬೇಕಾದರೆ ಇನಿಟ್‌ಟ್ಯಾಬ್ ಎಂಬ ಕಡತ ತೆರೆದು 5 ಇರುವಲ್ಲಿ 3 ಎಂದು ಬದಲಿಸಿ ಎಂದಿತ್ತು. ನನ್ನ ಯಂತ್ರದಲ್ಲಿ ಅಂಥ ಕಡತವೇ ಇರಲಿಲ್ಲ. ನಾನೇ ಏನೋ ಕೆಡಿಸಿದ್ದೇನೆಂದು ಇಡೀ ವ್ಯವಸ್ಥೆಯನ್ನು ಎರಡು ಸಲ ಅಳಿಸಿ ಮತ್ತೆ ಹಾಕಿದೆ. ಕಡತ ಕಾಣೆಯಾಗಿರಲಿಲ್ಲ, ಅದರ ಕಾಲ ಮುಗಿದಿತ್ತು. ಯಂತ್ರ ಎಚ್ಚರಗೊಂಡಾಗ ಯಾವ ಸೇವೆ ಯಾವಾಗ ಶುರುವಾಗಬೇಕೆಂದು ನೋಡಿಕೊಳ್ಳುವ ಹಳೆಯ ಇನಿಟ್‌ನ ಜಾಗಕ್ಕೆ ಸಿಸ್ಟಮ್‌ಡಿ ಬಂದಿತ್ತು. ಲಿನಕ್ಸಿನ ಬಗೆಗಳಾದ ಫೆಡೋರಾ 2011ರಲ್ಲಿ, ಡೆಬಿಯನ್ 2015ರಲ್ಲಿ ಅದಕ್ಕೆ ಬದಲಾದವು. ಪುಸ್ತಕ ಸುಳ್ಳು ಹೇಳಿರಲಿಲ್ಲ, ತನ್ನ ಕಾಲದ ಸತ್ಯವನ್ನೇ ಹೇಳಿತ್ತು. ಅಂದಿನಿಂದ ಯಾವ ಲಿನಕ್ಸ್ ಪುಸ್ತಕ ಕೈಗೆ ಬಂದರೂ ಮೊದಲು ಆವೃತ್ತಿಯ ವರ್ಷ ನೋಡುತ್ತೇನೆ. ನಂತರ ಕೊನೆಯ ಪದಸೂಚಿಯಲ್ಲಿ ಸಿಸ್ಟಮ್‌ಡಿ ಇದೆಯೇ ಎಂದು ಹುಡುಕುತ್ತೇನೆ.

ಹಾಗೆಂದು ಹಳೆಯದೆಲ್ಲ ರದ್ದಿಯಲ್ಲ. ಹಳಸುವ ಭಾಗಗಳು ಯಾವುವೆಂದು ಗೊತ್ತಿದ್ದರೆ ಸಾಕು. ಇನ್‌ಸ್ಟಾಲ್ ಮಾಡುವಾಗಿನ ಪರದೆಯ ಚಿತ್ರಗಳು ಎಲ್ಲಕ್ಕಿಂತ ಬೇಗ ಹಳಸುತ್ತವೆ. ನೆಟ್‌ವರ್ಕ್ ಹೊಂದಿಸುವ ಬಗೆ ಬದಲಾಗಿದೆ: ಇಫ್‌ಕಾನ್ಫಿಗ್ ಇದ್ದ ಕಡೆ ಈಗ ಐಪಿ ಎಂಬ ಕಮಾಂಡ್. ಫೆಡೋರಾದಲ್ಲಿ ತಂತ್ರಾಂಶ ಹಾಕಿಕೊಳ್ಳುವ ಯಮ್ ಹೋಗಿ 2015ರಲ್ಲಿ ಡಿಎನ್‌ಎಫ್ ಬಂತು. ಆದರೆ ಒಂದು ಕಮಾಂಡಿನ ಫಲವನ್ನು ಇನ್ನೊಂದಕ್ಕೆ ಹರಿಸುವ ಪೈಪ್, ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ಗೆ ಬಂದದ್ದು 1973ರಲ್ಲಿ. ಇಂದು ಬೆಳಿಗ್ಗೆ ನಾನು ಬಳಸಿದ್ದೂ ಅದನ್ನೇ. ಬ್ರಯನ್ ಕರ್ನಿಘನ್ ಮತ್ತು ರಾಬ್ ಪೈಕ್ 1984ರಲ್ಲಿ ತಂದ ‘ದಿ ಯುನಿಕ್ಸ್ ಪ್ರೋಗ್ರಾಮಿಂಗ್ ಎನ್ವಿರಾನ್‌ಮೆಂಟ್’ ಲಿನಕ್ಸ್ ಹುಟ್ಟುವ ಏಳು ವರ್ಷ ಮೊದಲಿನದು. ಅದರ ಸಿ ಪ್ರೋಗ್ರಾಂಗಳನ್ನು ಕಂಡರೆ ಇಂದಿನ ಕಂಪೈಲರ್ ಗೊಣಗುತ್ತದೆ. ಟೈಪ್ ಮಾಡಿದ ಕಮಾಂಡ್‌ಗಳನ್ನು ಓದಿ ನಡೆಸುವ ಷೆಲ್ ಮತ್ತು ಪೈಪಿನಲ್ಲಿ ಹರಿದು ಬಂದದ್ದನ್ನು ಸೋಸುವ ಫಿಲ್ಟರ್‌ಗಳ ಬಗ್ಗೆ ಹೇಳಿರುವುದು ಮಾತ್ರ ಹಾಗೇ ನಿಂತಿದೆ.

ಗುರುತಿಲ್ಲದ ಪುಸ್ತಕವನ್ನು ಅಳೆಯಲು ನಾನು ತೆರೆಯುವುದು ಅನುಮತಿಗಳ ಅಧ್ಯಾಯ. ಓದಲು 4, ಬರೆಯಲು 2, ನಡೆಸಲು 1 ಎಂಬ ಕೋಷ್ಟಕ ಎಲ್ಲದರಲ್ಲೂ ಇರುತ್ತದೆ. ಅದರಲ್ಲಿ ಹೆಚ್ಚುಗಾರಿಕೆ ಇಲ್ಲ. ಡೈರೆಕ್ಟರಿಯ ವಿಷಯದಲ್ಲಿ ‘ನಡೆಸುವುದು’ ಎಂದರೆ ಅದರೊಳಗೆ ಕಾಲಿಡಲು ಅಪ್ಪಣೆ ಎಂದು ವಿವರಿಸಿದ್ದಾರೆಯೇ? ಒಂದು ಕಡತವನ್ನು ಅಳಿಸಬಹುದೇ ಎಂಬುದನ್ನು ತೀರ್ಮಾನಿಸುವುದು ಆ ಕಡತದ ಅನುಮತಿಯಲ್ಲ, ಅದು ಇರುವ ಡೈರೆಕ್ಟರಿಯ ಅನುಮತಿ ಎಂದು ಹೇಳಿದ್ದಾರೆಯೇ? ಇಷ್ಟು ಬರೆದ ಲೇಖಕರನ್ನು ಉಳಿದ ಅಧ್ಯಾಯಗಳಲ್ಲೂ ನಂಬಬಹುದು. ಅದರ ಬದಲು ‘ಅನುಮತಿ ಇಲ್ಲ ಎಂದು ಬಂದರೆ 777 ಕೊಟ್ಟುಬಿಡಿ’, ಎಂದರೆ ಎಲ್ಲರಿಗೂ ಎಲ್ಲ ಅನುಮತಿಯನ್ನೂ ಕೊಡಿ, ಎಂದಿದ್ದರೆ ಪುಸ್ತಕವನ್ನು ಎತ್ತಿಕೊಂಡಲ್ಲೇ ಇಟ್ಟುಬಿಡುತ್ತೇನೆ. ಅಂಥದೇ ಸಲಹೆ ನಂಬಿ ನಾನೊಮ್ಮೆ ವ್ಯವಸ್ಥೆಯ ಸಂರಚನಾ ಕಡತಗಳೆಲ್ಲ ಇರುವ ಇಟಿಸಿ ಡೈರೆಕ್ಟರಿಗೇ, ಅದರೊಳಗಿನ ಎಲ್ಲಕ್ಕೂ, 777 ಕೊಟ್ಟಿದ್ದೆ. ಮರುಕ್ಷಣವೇ, ನಿರ್ವಾಹಕರ ಅಧಿಕಾರದಲ್ಲಿ ಕಮಾಂಡ್ ನಡೆಸಲು ಬಿಡುವ ಸುಡೊ ಮುಷ್ಕರ ಹೂಡಿತು. ತನ್ನ ನಿಯಮಗಳ ಕಡತವನ್ನು ಯಾರು ಬೇಕಾದರೂ ತಿದ್ದಬಹುದಾದರೆ ಅದು ಕೆಲಸ ಮಾಡಲು ಒಪ್ಪುವುದಿಲ್ಲ. ಮಾಡಿದ್ದನ್ನು ಸರಿಪಡಿಸಲು ನನಗೆ ಬೇಕಾಗಿದ್ದದ್ದೂ ಅದೇ ಸುಡೊ!

ಇನ್ನು ಹೆಸರುಗಳು. ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ಕಂಡರೆ ಅಳುಕುವವರಿಗೆ ವಿಲಿಯಂ ಷಾಟ್ಸ್ ಅವರ ‘ದಿ ಲಿನಕ್ಸ್ ಕಮಾಂಡ್ ಲೈನ್’. ಅದರ ಪಿಡಿಎಫ್ ಪ್ರತಿಯನ್ನು ಲೇಖಕರೇ ಉಚಿತವಾಗಿ ಕೊಟ್ಟಿದ್ದಾರೆ. ಷೆಲ್ ಎಂದರೇನು ಎಂಬಲ್ಲಿಂದ ಹೊರಟು ನಿಧಾನವಾಗಿ ಸ್ಕ್ರಿಪ್ಟ್ ಬರೆಯುವವರೆಗೆ ಕೈ ಹಿಡಿದು ನಡೆಸುತ್ತದೆ, ಅವಸರಪಡಿಸುವುದಿಲ್ಲ. ಅದು ಮುಗಿದ ಮೇಲೆ ಬ್ರಯನ್ ವಾರ್ಡ್ ಅವರ ‘ಹೌ ಲಿನಕ್ಸ್ ವರ್ಕ್ಸ್’, ಕೊಳ್ಳುವುದಾದರೆ 2021ರ ಮೂರನೆಯ ಆವೃತ್ತಿ. ಗುಂಡಿ ಒತ್ತಿದಾಗಿನಿಂದ ಲಾಗಿನ್ ಪರದೆ ಬರುವವರೆಗೆ ಏನೇನಾಗುತ್ತದೆ, ಡಿಸ್ಕನ್ನು ವ್ಯವಸ್ಥೆ ಹೇಗೆ ಕಾಣುತ್ತದೆ ಎಂಬುದೆಲ್ಲ ಅದರಲ್ಲಿದೆ. ಈ ಎರಡನ್ನೂ ಯಂತ್ರ ಪಕ್ಕದಲ್ಲಿಟ್ಟುಕೊಂಡು ಓದಿದವರು ನನ್ನನ್ನು ಮತ್ತೆ ಕೇಳುವ ಪ್ರಶ್ನೆಗಳೇ ಬೇರೆಯಾಗಿರುತ್ತವೆ.

ಸರ್ವರ್ ನೋಡಿಕೊಳ್ಳುವವರಿಗೆ ಎವಿ ನೆಮೆತ್ ಮತ್ತು ಸಂಗಡಿಗರ ‘ಯುನಿಕ್ಸ್ ಆ್ಯಂಡ್ ಲಿನಕ್ಸ್ ಸಿಸ್ಟಮ್ ಅಡ್ಮಿನಿಸ್ಟ್ರೇಷನ್ ಹ್ಯಾಂಡ್‌ಬುಕ್’ ಇದೆ. ಐದನೆಯ ಆವೃತ್ತಿ 2017ರದು, ಸಾವಿರಕ್ಕೂ ಹೆಚ್ಚು ಪುಟ. ಮೊದಲಿನಿಂದ ಕೊನೆಯವರೆಗೆ ಓದುವ ಸಾಹಸ ಬೇಡ. ತೊಂದರೆ ಬಂದ ದಿನ ಆ ಅಧ್ಯಾಯ ತೆರೆದರಾಯಿತು. ಡೆಬಿಯನ್ ಬಳಸುವವರಿಗೆ ಅದರದೇ ನಿರ್ವಾಹಕರ ಕೈಪಿಡಿ ಉಚಿತವಾಗಿ ಸಿಗುತ್ತದೆ. ಸರ್ಟಿಫಿಕೇಟ್ ಪರೀಕ್ಷೆಯ ಪುಸ್ತಕಗಳು ಪರೀಕ್ಷೆ ಬರೆಯುವವರಿಗೆ ಮಾತ್ರ.

ಒಳಗನ್ನು ನೋಡಬೇಕೆನ್ನುವವರ ದಾರಿ ಉದ್ದ. ಮೈಕಲ್ ಕೆರಿಸ್ಕ್ ಅವರ ‘ದಿ ಲಿನಕ್ಸ್ ಪ್ರೋಗ್ರಾಮಿಂಗ್ ಇಂಟರ್‌ಫೇಸ್’ ಸಾವಿರದೈನೂರು ಪುಟ ಮೀರಿದ ಗ್ರಂಥ. ಬಂದದ್ದು 2010ರಲ್ಲಾದರೂ ಮಾಸಿಲ್ಲ. ಪ್ರೋಗ್ರಾಂಗಳಿಗೆ ಕೊಟ್ಟ ಮಾತನ್ನು ಕರ್ನಲ್ ಸುಲಭವಾಗಿ ಮುರಿಯುವುದಿಲ್ಲ, ಹಾಗಾಗಿ ಪ್ರೋಗ್ರಾಂಗಳೂ ಕರ್ನಲ್ಲೂ ಸಂಧಿಸುವ ಆ ಗಡಿಯ ಬಗ್ಗೆ ಬರೆದದ್ದು ಬಾಳುತ್ತದೆ. ಕರ್ನಲ್ಲಿನ ಒಳಗಿನ ಕೋಡ್‌ಗೆ ಅಂಥ ಕಟ್ಟುಪಾಡಿಲ್ಲ. ಸುಮಾರು ಒಂಬತ್ತು-ಹತ್ತು ವಾರಕ್ಕೊಂದು ಹೊಸ ಆವೃತ್ತಿ ಬರುತ್ತದೆ. ಆದ್ದರಿಂದಲೇ ಯಂತ್ರದ ಸಾಧನಗಳನ್ನು ನಡೆಸುವ ಡಿವೈಸ್ ಡ್ರೈವರ್‌ಗಳ ಬಗ್ಗೆ 2005ರಲ್ಲಿ ಬಂದ ಪ್ರಸಿದ್ಧ ಪುಸ್ತಕದ ಉದಾಹರಣೆಗಳನ್ನು ಇಂದು ಹಾಗೇ ಕಂಪೈಲ್ ಮಾಡಲಾಗದು, ವಿಚಾರಗಳನ್ನಷ್ಟೇ ಎತ್ತಿಕೊಳ್ಳಬೇಕು. ಕೋಡ್‌ಗೆ ಇಳಿಯುವ ಮುನ್ನ ಸಿದ್ಧಾಂತದ ಒಂದು ಪಠ್ಯಪುಸ್ತಕ ಓದಿ ಎಂದರೆ ಕೆಲವರು ಮುಖ ಸಿಂಡರಿಸುತ್ತಾರೆ. 1991ರ ಆಗಸ್ಟ್ 25ರಂದು ಲಿನಕ್ಸ್ ಬಗ್ಗೆ ಜಗತ್ತಿಗೆ ತಿಳಿಸಿದ ಲೈನಸ್ ಟೋರ್ವಾಲ್ಡ್ಸ್ ಅದಕ್ಕೂ ಮುಂಚೆ ಬೋಧನೆಗೆಂದು ಬರೆದ ಪುಟ್ಟ ಕಾರ್ಯಾಚರಣಾ ವ್ಯವಸ್ಥೆ ಮಿನಿಕ್ಸ್ ಬಗೆಗಿನ ಆಂಡ್ರ್ಯೂ ಟನೆನ್‌ಬಾಮ್ ಅವರ ಪಠ್ಯಪುಸ್ತಕವನ್ನು ಓದಿದ್ದವರು ಎಂದು ಅವರಿಗೆ ನೆನಪಿಸುತ್ತೇನೆ.

ಯಾವ ಪುಸ್ತಕವೂ ಸರಿಗಟ್ಟಲಾಗದ ಇನ್ನೊಂದು ಪುಸ್ತಕ ನಿಮ್ಮ ಯಂತ್ರದಲ್ಲೇ ಇರುತ್ತದೆ, ಕಮಾಂಡ್‌ಗಳ ಕೈಪಿಡಿಯಾದ ಮ್ಯಾನ್ ಪುಟಗಳು. ಸಾಮಾನ್ಯವಾಗಿ ಅವು ನೀವು ಹಾಕಿಕೊಂಡ ತಂತ್ರಾಂಶದ ಜೊತೆಗೇ ಬರುವುದರಿಂದ ಅದೇ ಆವೃತ್ತಿಯ ಮಾತು ಆಡುತ್ತವೆ. ಆದರೆ ಓದಲು ರುಚಿಯಿಲ್ಲ, ಹೊಸಬರಿಗೆ ಕಬ್ಬಿಣದ ಕಡಲೆ. ಪಾಸ್‌ವರ್ಡ್ (passwd) ಎಂಬ ಹೆಸರಿನಲ್ಲಿ ಕಮಾಂಡ್‌ಗೊಂದು ಪುಟ, ಕಡತಕ್ಕೊಂದು ಪುಟ ಇದೆ. ಮೊದಲನೆಯದು ವಿಭಾಗ 1ರಲ್ಲಿ, ಎರಡನೆಯದು 5ರಲ್ಲಿ. ಇದನ್ನು ಆರಂಭದಲ್ಲೇ ಹೇಳಿಕೊಟ್ಟು, ಆಗಾಗ ‘ಉಳಿದದ್ದು ಅಲ್ಲಿ ನೋಡಿ’ ಎಂದು ಅಟ್ಟುವ ಪುಸ್ತಕ ನನಗೆ ಇಷ್ಟ.

ಓದುವಾಗ ವರ್ಚುವಲ್ ಯಂತ್ರವೊಂದನ್ನು, ಎಂದರೆ ನಿಮ್ಮ ಯಂತ್ರದೊಳಗೇ ತಂತ್ರಾಂಶದಿಂದ ಮಾಡಿದ ಇನ್ನೊಂದು ಯಂತ್ರವನ್ನು, ಮಾಡಿಟ್ಟುಕೊಳ್ಳಿ. ಅದರ ಸ್ಥಿತಿಯನ್ನು ಉಳಿಸಿಡುವ ಸ್ನ್ಯಾಪ್‌ಶಾಟ್ ತೆಗೆದು ಬೇಕೆಂದೇ ಕೆಡಿಸಿ, ಮತ್ತೆ ಆ ಸ್ಥಿತಿಗೆ ಹಿಂದಿರುಗಿ. ನನ್ನ 777ರ ಪ್ರಯೋಗವನ್ನೂ ಅಲ್ಲೇ ಮಾಡಬಹುದು.

ಕಳೆದ ಬಾರಿ ಈ ಪ್ರಶ್ನೆ ಕೇಳಿದ ಗೆಳೆಯ ಆಗಲೇ ಹನ್ನೊಂದು ಪುಸ್ತಕಗಳನ್ನು ಇಳಿಸಿಕೊಂಡಿದ್ದ. ಷಾಟ್ಸ್ ಒಂದನ್ನಿಟ್ಟುಕೊಂಡು ಉಳಿದವನ್ನು ಕಣ್ಣಿಗೆ ಕಾಣದಲ್ಲಿ ಇಡು ಎಂದೆ. ಮೂರು ವಾರದ ಬಳಿಕ ಅವನ ಸಂದೇಶ: ‘ನನಗೆ ಬರೆಯಲು ಬಿಡದ ಕಡತವನ್ನು ಅಳಿಸಲು ಮಾತ್ರ ಯಾಕೆ ಬಿಡುತ್ತದೆ?’ ಉತ್ತರ ಟೈಪ್ ಮಾಡತೊಡಗಿದ್ದೆ. ಅಷ್ಟರಲ್ಲಿ ಇನ್ನೊಂದು ಬಂತು: ‘ಬೇಡ ಬಿಡು, ಡೈರೆಕ್ಟರಿ ನೋಡಿದೆ.’