ಝಡ್8 ಪ್ರಾಜೆಕ್ಟ್: ಬಾಡಿ ಕೂತಿತು, ಈಗ ಒಳಗಿನ ಕೆಲಸ

ಟಾಪ್ ತೆಗೆದು ಓಡಿಸುವ ಸ್ಪೋರ್ಟ್ಸ್ ಕಾರು ಬಿಎಂಡಬ್ಲ್ಯು ಝಡ್8ನ ಹೊರಮೈ ಕೊನೆಗೂ ಒಂದು ಹದಕ್ಕೆ ಬಂದಿದೆ. ಬಾನೆಟ್, ಬಾಗಿಲು, ಡಿಕ್ಕಿ, ಮುಂದಿನ ಚಕ್ರದ ಹಿಂದೆ ಮೀನಿನ ಕಿವಿರಿನಂತಿರುವ ಗಾಳಿಕಿಂಡಿ, ಎಲ್ಲವೂ ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ತಮ್ಮ ತಮ್ಮ ಜಾಗದಲ್ಲಿವೆ. ಹೊಸಬರಿಗೆ ಒಂದು ಮಾತು: ಅಸೆಟ್ಟೊ ಕೋರ್ಸಾ ಎಂಬ ಕಾರ್ ರೇಸಿಂಗ್ ಸಿಮ್ಯುಲೇಟರ್ ಆಟಕ್ಕಾಗಿ ಈ ಕಾರನ್ನು ಸೊನ್ನೆಯಿಂದ ಕಟ್ಟುತ್ತಿದ್ದೇನೆ. ಬೇರೆ ಆಟದಿಂದ ಮಾಡೆಲ್ ಕಿತ್ತು ತಂದು ಹಾಕುವುದು ಸುಲಭ. ಆದರೆ ಅದು ಕಳ್ಳಮಾಲು, ಅದರಲ್ಲಿ ಕಲಿಯುವುದಕ್ಕೂ ಏನಿಲ್ಲ.

ಈ ಕಾರನ್ನು ನಮ್ಮಲ್ಲಿ ಬಹಳ ಜನ ನೋಡಿದ್ದೇ ಆಟದಲ್ಲಿ. 2002ರ ನೀಡ್ ಫಾರ್ ಸ್ಪೀಡ್: ಹಾಟ್ ಪರ್ಸ್ಯೂಟ್ 2ರಲ್ಲಿತ್ತು. ಆಮೇಲೆ ಫೋರ್ಜಾ ಹೊರೈಜನ್ 4ರಲ್ಲಿ ಜೇಮ್ಸ್ ಬಾಂಡ್ ಸಿನಿಮಾ ಕಾರುಗಳ ಪ್ಯಾಕ್ ಜೊತೆ ಬಂತು. ನಿಜವಾದ ರಸ್ತೆಯಲ್ಲಿ ಎದುರಾಗುವುದು ಕಷ್ಟ, ಏಕೆಂದರೆ 2003ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಹೊರಬಂದಿದ್ದು 5,703 ಕಾರುಗಳಷ್ಟೇ. ಟೇಪ್ ಹಿಡಿದು ಹೋಗಿ ಅಳೆಯುವ ಮಾತೇ ಇಲ್ಲ. ಸಿಗುವ ಬ್ಲೂಪ್ರಿಂಟ್‌ಗಳು ಒಂದಕ್ಕೊಂದು ತಾಳೆಯಾಗುವುದಿಲ್ಲವಾದ್ದರಿಂದ 2,505 ಮಿ.ಮೀ. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಒಂದನ್ನೇ ಗಟ್ಟಿಯಾಗಿ ಹಿಡಿದುಕೊಂಡು, ಉಳಿದದ್ದನ್ನು ಫೋಟೋ ನೋಡಿ ಎಳೆದು ತಗ್ಗಿಸಿ ಸರಿಮಾಡಿದೆ.

ಝಡ್8ನ ಹೊರಮೈ ವಿನ್ಯಾಸ ಮಾಡಿದ ಹೆನ್ರಿಕ್ ಫಿಸ್ಕರ್ ಗೆರೆ ಎಳೆಯುವಾಗ ಕಣ್ಣ ಮುಂದಿದ್ದದ್ದು 1950ರ ದಶಕದ ಬಿಎಂಡಬ್ಲ್ಯು 507. ಆಲ್ಬ್ರೆಖ್ಟ್ ಫಾನ್ ಗೋರ್ಟ್ಸ್ ವಿನ್ಯಾಸ ಮಾಡಿದ ಆ ಕಾರು ಸುಮಾರು 250ರಷ್ಟೇ ತಯಾರಾಗಿ ಕಂಪನಿಗೆ ದೊಡ್ಡ ನಷ್ಟ ತಂದಿತ್ತು, ಆದರೆ ನೋಡಿದವರು ಮರೆಯಲಿಲ್ಲ. ಪಕ್ಕದ ಕಿವಿರು ಅಲ್ಲಿಂದಲೇ ಬಂದದ್ದು. ಝಡ್8ನಲ್ಲಿ ಪಕ್ಕದ ಇಂಡಿಕೇಟರ್ ಕೂಡ ಈ ಕಿಂಡಿಯೊಳಗೇ ಅಡಗಿದೆ, ಉರಿಯದಿದ್ದಾಗ ಕಾಣುವುದೇ ಇಲ್ಲ. ಹಿಂದಿನ ದೀಪಗಳದ್ದು ಇನ್ನೊಂದು ಕಥೆ. ಬಲ್ಬ್ ಅಲ್ಲ, ಎಲ್‌ಇಡಿಯೂ ಅಲ್ಲ, ನಿಯಾನ್ ಕೊಳವೆ! ಅದರ ಬೆಳಕು ಚುಕ್ಕಿಚುಕ್ಕಿಯಾಗಿ ಒಡೆಯದೆ ಒಂದೇ ಗೆರೆಯಾಗಿ ಬರಬೇಕು. ಕೊಳವೆಗೆ ಬೇರೆ ಮೆಶ್ (3ಡಿ ಆಕಾರ), ಅದರ ಮೇಲಿನ ಗಾಜಿಗೆ ಬೇರೆ ಮೆಶ್ ಮಾಡಿ, ಕೊಳವೆಗೆ ಮಾತ್ರ ಹೊಳಪು ಕೊಟ್ಟ ಮೇಲೆ ಸರಿಹೋಯಿತು. ಮೂಲ ಆಟಕ್ಕೆ ಇಂಡಿಕೇಟರ್ ಎಂಬುದೇ ಗೊತ್ತಿಲ್ಲ, ಅದಕ್ಕೆ ಕಸ್ಟಮ್ ಶೇಡರ್ಸ್ ಪ್ಯಾಚ್ ಎಂಬ ಹೆಚ್ಚುವರಿ ಸಾಫ್ಟ್‌ವೇರ್ ಬೇಕೇ ಬೇಕು.

ಈಗ ಒಳಗಿನ ವಿಷಯಕ್ಕೆ ಬರೋಣ. ಸಮಯ ಹೋಗುತ್ತಿರುವುದೆಲ್ಲ ಇಲ್ಲೇ.

ಮುಚ್ಚಿದ ಕಾರಾದರೆ ಕ್ಯಾಬಿನ್‌ಗೆ ಎರಡು ಮಾಡೆಲ್ ಇಟ್ಟುಕೊಳ್ಳುತ್ತಾರೆ. ಸೀಟಿನಲ್ಲಿ ಕೂತು ಓಡಿಸುವಾಗ ಕಾಣಲು ಸೂಕ್ಷ್ಮವಾದದ್ದೊಂದು, ಹೊರಗಿನ ಕ್ಯಾಮೆರಾಗೆ ಒರಟಾದದ್ದೊಂದು. ಕಪ್ಪು ಗಾಜಿನ ಹಿಂದೆ ಒರಟು ಮಾಡೆಲ್ ಇದ್ದರೆ ಯಾರೂ ಕೇಳುವುದಿಲ್ಲ. ಟಾಪ್ ತೆಗೆದ ಕಾರಿನಲ್ಲಿ ಆ ಮರೆಯೇ ಇಲ್ಲ. ರೀಪ್ಲೇ ಕ್ಯಾಮೆರಾ ಮೇಲಿಂದ ನೋಡಿದರೆ ಸೀಟಿನ ಹೊಲಿಗೆ, ತಲೆಯ ಹಿಂದಿನ ರೋಲ್ ಹೂಪ್ (ಕಾರು ಮಗುಚಿದರೆ ಕಾಯುವ ಕಮಾನು), ಬಾಗಿಲಿನ ಒಳಹಿಡಿ, ಡ್ರೈವರ್‌ನ ಮೊಣಕೈ ಎಲ್ಲ ಕಾಣುತ್ತದೆ. ಹಾಗಾಗಿ ಹೊರಗಿನ ಕ್ಯಾಬಿನ್ ಮಾಡೆಲ್‌ಗೂ ಸೀಟು, ಡ್ಯಾಶ್ ಪೂರ್ತಿ ವಿವರದಲ್ಲಿಟ್ಟು, ಪೆಡಲ್‌ಗಳನ್ನೂ ಡ್ಯಾಶ್‌ನ ಅಡಿಭಾಗವನ್ನೂ ಮಾತ್ರ ಕತ್ತರಿಸಿದೆ. ಪಾಲಿಗನ್ (ಮಾಡೆಲ್ ಕಟ್ಟುವ ಚಿಕ್ಕ ಮುಖಗಳು) ಲೆಕ್ಕ ಏರಿತು, ಏರಲಿ.

ಸ್ಟಿಯರಿಂಗ್ ವೀಲ್ ಈ ಕಾರಿನ ಅತಿ ಚೆಂದದ ಭಾಗ, ಅತಿ ಕಾಟದ ಭಾಗವೂ ಅದೇ. ಮೂರು ಸ್ಪೋಕ್, ಆದರೆ ಪ್ರತಿಯೊಂದೂ ತೆಳ್ಳನೆಯ ಲೋಹದ ಕಡ್ಡಿಗಳ ಜೋಡಣೆ. ಸ್ವಲ್ಪ ದೂರದಿಂದ ನೋಡಿದರೆ ಕಡ್ಡಿಗಳ ಅಂಚು ಪರದೆಯ ಮೇಲೆ ಮಿಣಮಿಣ ನಡುಗುತ್ತದೆ. ದೂರದಿಂದ ಕಾಣಲೆಂದು ಇಟ್ಟ ಮಾಡೆಲ್‌ಗಳಲ್ಲಿ ಕಡ್ಡಿಗಳ ದಪ್ಪವನ್ನು ಕೂದಲೆಳೆಯಷ್ಟು ಹೆಚ್ಚಿಸಿದ ಮೇಲೆ ಆ ನಡುಕ ತಗ್ಗಿತು.

ವೀಲ್‌ನ ಹಿಂದೆ ಡಯಲ್ ಇಲ್ಲ. ಝಡ್8ನಲ್ಲಿ ಮೀಟರ್‌ಗಳು ಡ್ಯಾಶ್‌ನ ನಡುವೆ, ಡ್ರೈವರ್ ಕಡೆ ಸ್ವಲ್ಪ ಓರೆಯಾಗಿ ಕೂತಿವೆ. ನೋಡಲು ಸೊಗಸು, ರೇಸ್ ಓಡಿಸುವವರಿಗೆ ಕಿರಿಕಿರಿ. ಆಟದಲ್ಲಿ ಸೂಜಿ ತಿರುಗಬೇಕಾದರೆ ಸೂಜಿಯ ಅಕ್ಷ ಡಯಲ್‌ನ ಓರೆಗೆ ಸರಿಯಾಗಿ ಹೊಂದಿರಬೇಕು, ಇಲ್ಲದಿದ್ದರೆ 4,000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ದಾಟುತ್ತಿದ್ದಂತೆ ಸೂಜಿಯ ತುದಿ ಡಯಲ್ ಒಳಗೆ ಮುಳುಗುತ್ತದೆ. ಡಯಲ್‌ಗಳನ್ನು ವೀಲ್‌ನ ಹಿಂದಕ್ಕೆ ತರುತ್ತೀರಾ ಎಂದು ಕೇಳಿದವರಿದ್ದಾರೆ. ಇಲ್ಲ. ಅದು ಬೇಕಾದವರು ಝಡ್4 ಓಡಿಸಬಹುದು, ಆಟದಲ್ಲಿ ಅದರ ಇ89 ಪೀಳಿಗೆ ಇದ್ದೇ ಇದೆ.

ಕಾರು ಹೇಗೆ ಓಡಬೇಕೆಂದು ಆಟಕ್ಕೆ ಹೇಳುವ ಫಿಸಿಕ್ಸ್ ಫೈಲ್‌ಗಳಲ್ಲೂ ನನ್ನ ಹಟ ಇದೇ. ಈ ಕಾರನ್ನು ರೇಸ್ ಕಾರಾಗಿಸುವುದು ಬೇಡ. ಎಂಜಿನ್ ಬಿಎಂಡಬ್ಲ್ಯುವಿನದೇ ಇ39 ಎಂ5 ಸೆಡಾನ್‌ನ ಎಸ್62 ವಿ8: 4,941 ಸಿಸಿ, 6,600 ಆರ್‌ಪಿಎಂನಲ್ಲಿ 400 ಪಿಎಸ್ (ಮೆಟ್ರಿಕ್ ಅಶ್ವಶಕ್ತಿ), 3,800ರಲ್ಲಿ 500 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ಆಟ ಕೇಳುವುದು ಪವರ್ ಅಲ್ಲ, ಪ್ರತಿ ಆರ್‌ಪಿಎಂಗೆ ಟಾರ್ಕ್. 400 ಪಿಎಸ್ ಅಂದರೆ 294 ಕಿಲೊವ್ಯಾಟ್. ಅದನ್ನು 9,549ರಿಂದ ಗುಣಿಸಿ 6,600ರಿಂದ ಭಾಗಿಸಿದರೆ ಸುಮಾರು 425 ನ್ಯೂಟನ್ ಮೀಟರ್. ಅಂದರೆ ತುದಿಗೆ ಹೋದರೂ ಟಾರ್ಕ್ ಇಳಿಯುವುದು ಶೇ. 15ರಷ್ಟೇ. ಈ ಎರಡು ಬಿಂದುಗಳ ನಡುವೆ ನುಣುಪಾದ ಕರ್ವ್ ಎಳೆದು, ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ನುಂಗುವ ಪಾಲು ಎಂದು ಶೇ. 13 ಕಳೆದೆ, ಏಕೆಂದರೆ ಆಟ ಅದನ್ನು ತಾನಾಗಿ ಕಳೆಯುವುದಿಲ್ಲ.

ತೂಕ 1,585 ಕೆಜಿ. ಫೈಲ್‌ನಲ್ಲಿ ಬರೆಯಬೇಕಾದ್ದು ಡ್ರೈವರ್ ಸೇರಿಸಿ, ಪೆಟ್ರೋಲ್ ಬಿಟ್ಟು. ಪೆಟ್ರೋಲ್‌ಗೆ 50 ಕಳೆದು ಡ್ರೈವರ್‌ಗೆ 75 ಸೇರಿಸಿ 1,610 ಎಂದು ಹಾಕಿದ್ದೇನೆ. ಟೈರ್ ಮುಂದೆ 245/45, ಹಿಂದೆ 275/40, ಎರಡೂ 18 ಇಂಚು. ಅಗಲ ಬೇರೆಯಾದರೂ ವ್ಯಾಸ ಬಹುತೇಕ ಒಂದೇ ಬರುತ್ತದೆ, 677 ಮಿ.ಮೀ. ಆಸುಪಾಸು. ಆರನೇ ಗೇರ್ ಅನುಪಾತ 0.83, ಫೈನಲ್ ಡ್ರೈವ್‌ನದು 3.38. ಈ ಲೆಕ್ಕದಲ್ಲಿ 7,000 ಆರ್‌ಪಿಎಂಗೆ ಗಂಟೆಗೆ 318 ಕಿ.ಮೀ. ಬರಬೇಕು. ಕಂಪನಿ 250ಕ್ಕೇ ಕಡಿವಾಣ ಹಾಕಿತ್ತು. ಗೇರ್ ಎಳೆಯುವ ದೂರ ಎಷ್ಟೊಂದು ಉಳಿದಿದೆ ನೋಡಿ!

ಆಟದಲ್ಲಿ ಓಡಿಸಿ ನೋಡಿದ್ದು ಜರ್ಮನಿಯ ನೂರ್ಬರ್ಗ್‌ರಿಂಗ್ ರೇಸ್ ಟ್ರ್ಯಾಕಿನ ನಾರ್ಡ್‌ಶ್ಲೈಫೆಯಲ್ಲಿ. ಅಲ್ಲಿನ ಫುಕ್ಸ್‌ರೋರೆ ಇಳಿಜಾರು ಸಸ್ಪೆನ್ಷನ್‌ಗೆ ಒಳ್ಳೆಯ ಪರೀಕ್ಷೆ. ವೇಗವಾಗಿ ಇಳಿದು ತಳ ಮುಟ್ಟುತ್ತಿದ್ದಂತೆ ಕಾರು ಪೂರ್ತಿ ಕುಗ್ಗುತ್ತದೆ, ತಕ್ಷಣ ಏರು. ಸ್ಪ್ರಿಂಗ್ ಮೆತ್ತಗಿದ್ದಾಗ ಅಲ್ಲಿ ಬಂಪ್‌ಸ್ಟಾಪ್‌ಗೆ (ಸಸ್ಪೆನ್ಷನ್ ಮಿತಿ ಮೀರಿ ಕುಗ್ಗದಂತೆ ತಡೆಯುವ ತುಂಡು) ಬಡಿದು ಹಿಂಭಾಗ ಹಾರಿತು. ಸ್ಪ್ರಿಂಗ್ ಬಿಗಿ ಮಾಡಿದರೆ ಲ್ಯಾಪ್ ಟೈಮ್ ಇಳಿಯಿತು, ಕಾರಿನ ಸ್ವಭಾವವೂ ಹೋಯಿತು. ಸ್ಪ್ರಿಂಗನ್ನು ಮತ್ತೆ ಮೆತ್ತಗೆ ಮಾಡಿ, ಬಂಪ್‌ಸ್ಟಾಪ್‌ನ ಬಿಗಿತ ಕಡಿಮೆ ಮಾಡಿ, ಡ್ಯಾಂಪರ್‌ನ ರೀಬೌಂಡ್ (ಕುಗ್ಗಿದ ಸ್ಪ್ರಿಂಗ್ ಹಿಗ್ಗುವುದಕ್ಕೆ ಒಡ್ಡುವ ತಡೆ) ಸ್ವಲ್ಪ ಏರಿಸಿದೆ. ಈಗ ತಳದಲ್ಲಿ ಒಮ್ಮೆ ಉಸಿರು ಬಿಟ್ಟು ಏಳುತ್ತದೆ. ಮೂರನೇ ಗೇರ್‌ನಲ್ಲಿ ತಿರುವಿನಿಂದ ಹೊರಬರುವಾಗ ಗೇರ್ ಇಳಿಸದೆ ಬರೀ ಟಾರ್ಕ್ ಮೇಲೆ ಎಳೆದುಕೊಂಡು ಹೋಗುವುದೇ ಇದರ ಮಜಾ. ಲ್ಯಾಪ್ ಟೈಮ್ ನೋಡುವವರು ಬೇರೆ ಕಾರು ಹುಡುಕಿಕೊಳ್ಳಲಿ.

ಮುಂದಿನದು ಹಾರ್ಡ್‌ಟಾಪ್, ಅಂದರೆ ಕಳಚಿಡಬಹುದಾದ ಗಟ್ಟಿ ಚಾವಣಿ. ಕಾರಿನ ಜೊತೆಗೇ ಕೊಡುತ್ತಿದ್ದದ್ದು ಅದು, ಬೇಕಾದಾಗ ತೋರುವ ಬೇರೆ ಭಾಗವಾಗಿ ಮಾಡುತ್ತೇನೆ. ಬಿಎಂಡಬ್ಲ್ಯು ಕಾರುಗಳನ್ನು ಮಾರ್ಪಡಿಸುತ್ತಿದ್ದ ಆಲ್ಪಿನಾ ಕಂಪನಿಯ ಐದು ಗೇರ್ ಆಟೊಮ್ಯಾಟಿಕ್ ಆವೃತ್ತಿ ಸದ್ಯಕ್ಕಿಲ್ಲ.

ಉಳಿದದ್ದು ಸದ್ದು. ಈಗ ಹಾಕಿಟ್ಟಿರುವುದು ಆಟದಲ್ಲೇ ಇರುವ ಬಿಎಂಡಬ್ಲ್ಯು ಇ92 ಎಂ3ಯ ವಿ8 ಸದ್ದು. ಅದು 8,000 ದಾಟಿ ಕೂಗುವ ಎಂಜಿನ್, ಕೀರಲು ಕಂಠ. ಎಸ್62ನದು ತಗ್ಗಿದ ದನಿ. ಜರ್ಮನಿ, ಅಮೆರಿಕ, ಎಲ್ಲೇ ಇರುವ ಕನ್ನಡಿಗರ ಪೈಕಿ ಇ39 ಎಂ5 ಇಟ್ಟುಕೊಂಡವರು ಇದ್ದರೆ ನನಗೆ ಬೇಕಾದ್ದು ಇಷ್ಟು: ಸೈಲೆನ್ಸರ್ ಹತ್ತಿರ ಗಾಳಿ ತಾಗದಂತೆ ಒಂದು ಮೈಕ್, ಬಾನೆಟ್ ಒಳಗೆ ಇನ್ನೊಂದು, ಖಾಲಿ ರಸ್ತೆಯಲ್ಲಿ ಎರಡನೇ ಗೇರ್‌ನಲ್ಲಿ 1,500ರಿಂದ ರೆಡ್‌ಲೈನ್‌ವರೆಗೆ ನಿಧಾನವಾಗಿ ಒಂದು ಎಳೆತ, ಆಮೇಲೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದು ತಾನಾಗಿ ಇಳಿಯಲು ಬಿಡುವುದು. ಎಂಪಿ3 ಬೇಡ, ಡಬ್ಲ್ಯುಎವಿ ಫೈಲ್ ಕಳಿಸಿ.