ಕರಾಚಿ ಬಂದರು ಹೊತ್ತಿ ಉರಿದ ರಾತ್ರಿ

2025ರ ಮೇ 8ರ ರಾತ್ರಿ ಬಸವನಗುಡಿಯ ದೊಡ್ಡಪ್ಪನ ಮನೆಯಲ್ಲಿ ಊಟ ಮುಗಿದಿದ್ದರೂ ಯಾರೂ ಕೈ ತೊಳೆಯಲು ಎದ್ದಿರಲಿಲ್ಲ. ಟಿವಿಯಲ್ಲಿ ವಾಯುದಾಳಿಯ ಸೈರನ್ ಒಂದೇ ಸಮನೆ ಕೂಗುತ್ತಿತ್ತು. ನಮ್ಮ ನೌಕಾಪಡೆ ಕರಾಚಿ ಬಂದರನ್ನು ಧ್ವಂಸ ಮಾಡಿದೆಯೆಂದು ಕೆಂಪು ಪಟ್ಟಿಯ ಮೇಲೆ ದಪ್ಪಕ್ಷರಗಳು ಓಡುತ್ತಿದ್ದವು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ತಾಳೆ ನೋಡಿ ನಿವೃತ್ತರಾದ, ತರಕಾರಿಯವನು ಕೊಟ್ಟ ಚಿಲ್ಲರೆಯನ್ನೂ ಎರಡು ಸಲ ಎಣಿಸುವ ದೊಡ್ಡಪ್ಪ ಅಂದು ಒಂದೇ ಒಂದು ಪ್ರಶ್ನೆ ಕೇಳದೆ, "ಮುಗೀತು ಕಣೋ ಅವರ ಕಥೆ" ಎಂದು ಮಜ್ಜಿಗೆಯ ಲೋಟ ಕೆಳಗಿಟ್ಟರು. ಮರುದಿನ ಬೆಳಿಗ್ಗೆ ಅವರು ಪತ್ರಿಕೆಯ ಪುಟಗಳನ್ನೆಲ್ಲ ತಿರುವಿಹಾಕಿದರೂ ಉರಿದ ಕರಾಚಿ ಎಲ್ಲಿಯೂ ಸಿಗಲಿಲ್ಲ. ದಾಳಿಗೆ ಹಡಗುಗಳು ಸನ್ನದ್ಧವಾಗಿ ನಿಂತಿದ್ದವು ಎಂದಷ್ಟೇ ಮೇ 11ರಂದು ನೌಕಾಪಡೆಯ ಅಧಿಕಾರಿಗಳು ಹೇಳಿದರು.

ಇದಕ್ಕಾಗಿ ದೊಡ್ಡಪ್ಪನನ್ನು ಹಾಸ್ಯ ಮಾಡಲು ನನಗೆ ಮನಸ್ಸಿಲ್ಲ, ಏಕೆಂದರೆ ಯುದ್ಧಕಾಲದ ಓದುಗ ಸುದ್ದಿಗಿಂತ ಹೆಚ್ಚಾಗಿ ಧೈರ್ಯವನ್ನು ಹುಡುಕುತ್ತಿರುತ್ತಾನೆ. ಮೊದಲ ಮಹಾಯುದ್ಧದ ಆರಂಭದಲ್ಲಿ, 1914ರ ಆಗಸ್ಟ್ 23ರಂದು ಬೆಲ್ಜಿಯಂನ ಮಾನ್ಸ್‌ನಲ್ಲಿ ಜರ್ಮನ್ ಸೇನೆಯನ್ನು ತಡೆದು ನಿಂತ ಬ್ರಿಟಿಷ್ ಪಡೆ ಕೊನೆಗೆ ಹಿಮ್ಮೆಟ್ಟಬೇಕಾಯಿತು. ಆ ಸುದ್ದಿಯಿಂದ ಕಂಗೆಟ್ಟಿದ್ದ ಲಂಡನ್ನಿನಲ್ಲಿ, ಸೆಪ್ಟೆಂಬರ್ 29ರ 'ಈವ್ನಿಂಗ್ ನ್ಯೂಸ್' ಪತ್ರಿಕೆಯಲ್ಲಿ ಆರ್ಥರ್ ಮೇಕನ್ ಎಂಬ ಲೇಖಕನ ಸಣ್ಣ ಕಥೆಯೊಂದು ಅಚ್ಚಾಯಿತು. ಕಥೆಯಲ್ಲಿ ಬ್ರಿಟಿಷ್ ಸೈನಿಕನೊಬ್ಬ ಇಂಗ್ಲೆಂಡಿನ ರಕ್ಷಕನೆನಿಸಿದ ಸಂತ ಜಾರ್ಜನನ್ನು ನೆನೆಯುತ್ತಾನೆ. ಸುಮಾರು ಐನೂರು ವರ್ಷಗಳ ಹಿಂದೆ ಫ್ರೆಂಚರ ವಿರುದ್ಧ ಆಜಿನ್‌ಕೋರ್ಟ್ ಕಾಳಗದಲ್ಲಿ ಹೋರಾಡಿದ ಇಂಗ್ಲಿಷ್ ಬಿಲ್ಲಾಳುಗಳು ನೆರಳಿನಂತೆ ಮೂಡಿ ಬಂದು ಶತ್ರುಗಳನ್ನು ಕೆಡಹುತ್ತಾರೆ. (ಆಪತ್ತಿನಲ್ಲಿ ಕುಲದೇವರನ್ನು ಕರೆಯುವ ನಮಗೆ ಈ ಕಥೆಯಲ್ಲಿ ಹೊಸದೇನೂ ಕಾಣುವುದಿಲ್ಲ.) ಚರ್ಚಿನ ಪತ್ರಿಕೆಗಳು ಮರುಮುದ್ರಣಕ್ಕೆ ಅನುಮತಿ ಬೇಡಿದವು. ಪಾದ್ರಿಯೊಬ್ಬರು, ಇದನ್ನು ಕಿರುಹೊತ್ತಗೆಯಾಗಿ ತರುತ್ತೇವೆ, ಘಟನೆಯ ಆಧಾರಗಳನ್ನು ಸೇರಿಸಿ ಮುನ್ನುಡಿ ಬರೆದುಕೊಡಿ ಎಂದು ಕೇಳಿದರು. ಆಧಾರವೇನೂ ಇಲ್ಲ, ಎಲ್ಲವೂ ತನ್ನ ಕಲ್ಪನೆ ಎಂದು ಮೇಕನ್ ತಿಳಿಸಿದಾಗ ಅವರಿಂದ ಬಂದ ಉತ್ತರ ನನಗೆ ಬಹಳ ಇಷ್ಟ: ತಪ್ಪು ತಿಳಿದಿರುವುದು ನೀವೇ, ಘಟನೆ ನಡೆದದ್ದು ನಿಜ, ನೀವು ಅದನ್ನು ಬೆಳೆಸಿ ಬರೆದಿದ್ದೀರಿ ಅಷ್ಟೆ! 1915ರ ಬೇಸಿಗೆಯ ಹೊತ್ತಿಗೆ ಬಿಲ್ಲಾಳುಗಳು ದೇವದೂತರಾಗಿ ಮಾರ್ಪಟ್ಟಿದ್ದರು, ಕಥೆಯನ್ನು ಹೆತ್ತವನ ಮಾತಿಗೆ ಬೆಲೆಯೇ ಉಳಿದಿರಲಿಲ್ಲ.

ಶತ್ರುವಿನ ಕಣ್ಣಿಗೆ ಮಣ್ಣೆರಚುವ ಸುದ್ದಿಯ ವಿಷಯ ಬೇರೆ. 1971ರ ಡಿಸೆಂಬರ್‌ನಲ್ಲಿ, ಬಾಂಗ್ಲಾದೇಶದ ಯುದ್ಧದ ವೇಳೆ, ಅಲ್ಲಿನ ಟಂಗೈಲ್‌ನಲ್ಲಿ ಪ್ಯಾರಾಚೂಟ್‌ಗಳಿಂದ ಇಳಿದದ್ದು ನಮ್ಮ ಸೇನೆಯ ಒಂದು ಬೆಟಾಲಿಯನ್. ಪತ್ರಿಕೆಗಳಿಗೆ ಸಿಕ್ಕಿದ್ದು ಹಲವು ಬೆಟಾಲಿಯನ್‌ಗಳ ಇಡೀ ಬ್ರಿಗೇಡ್ ಇಳಿದ ಸುದ್ದಿ, ಜೊತೆಗೆ ಹಿಂದೊಮ್ಮೆ ಆಗ್ರಾದಲ್ಲಿ ನಡೆದಿದ್ದ ಅಭ್ಯಾಸದ ಫೋಟೋ. ಢಾಕಾದಲ್ಲಿದ್ದ ಪಾಕಿಸ್ತಾನಿ ಸೇನಾನಿಗಳನ್ನು ದಿಕ್ಕುಗೆಡಿಸಲು ಹೂಡಿದ ಆ ತಂತ್ರವನ್ನು ನಾನು ತೆಗಳಲಾರೆ. ಆದರೆ ನಮ್ಮವರಿಗೆ ನಾವೇ ಹೇಳಿಕೊಂಡ ಸುಳ್ಳಿನ ಸಾಲ ಬಡ್ಡಿಸಮೇತ ತೀರಿಸಬೇಕಾಗಿ ಬರುತ್ತದೆ. 1917ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಪತ್ರಿಕೆಗಳು, ಜರ್ಮನ್ನರು ತಮ್ಮದೇ ಸೈನಿಕರ ಹೆಣಗಳನ್ನು ಕಾರ್ಖಾನೆಯಲ್ಲಿ ಕುದಿಸಿ ಕೊಬ್ಬು ತೆಗೆಯುತ್ತಿದ್ದಾರೆಂದು ಬರೆದವು. 'ಕಡಾವರ್' ಎಂಬ ಜರ್ಮನ್ ಪದಕ್ಕೆ ಸತ್ತ ಪ್ರಾಣಿಯ ಕಳೇಬರ ಎಂಬ ಅರ್ಥವಿದ್ದರೂ ಅದನ್ನು ಮನುಷ್ಯರ ಹೆಣವೆಂದೇ ಓದಲಾಗಿತ್ತು. ಆ ಸುದ್ದಿಗೆ ಬುಡವಿಲ್ಲವೆಂಬುದನ್ನು ಬ್ರಿಟಿಷ್ ಸರ್ಕಾರ ಸಂಸತ್ತಿನಲ್ಲಿ ಒಪ್ಪಿಕೊಂಡದ್ದು 1925ರಲ್ಲಿ. ಮುಂದೆ 1943ರಲ್ಲಿ ನಾಜಿಗಳ ವಿಷಾನಿಲದ ಕೋಣೆಗಳ ವರದಿ ಲಂಡನ್ನಿಗೆ ಬಂದಾಗ, ಹಿರಿಯ ಅಧಿಕಾರಿಯೊಬ್ಬರು ಹಿಂದಿನ ಯುದ್ಧದ ಆ ಹೆಣದ ಕೊಬ್ಬಿನ ಕಥೆಯನ್ನು ನೆನಪಿಸಿಕೊಂಡು ಅನುಮಾನಪಟ್ಟರು. ಈ ಸಲ ವರದಿ ನಿಜವಾಗಿತ್ತು.

2025ರ ಮೇ 10ರಂದು, ಇನ್ನು ಮುಂದೆ ಸೈರನ್ ಸದ್ದನ್ನು ಕಾರ್ಯಕ್ರಮಗಳಲ್ಲಿ ಸುಮ್ಮಸುಮ್ಮನೆ ಬಳಸಬಾರದೆಂದು ಸರ್ಕಾರ ವಾಹಿನಿಗಳಿಗೆ ಸೂಚಿಸಿತು. ಅಂದು ಸಂಜೆ ಅದೇ ಟಿವಿಯಲ್ಲಿ, ಅದೇ ಕೆಂಪು ಪಟ್ಟಿಯ ಮೇಲೆ ಕದನವಿರಾಮದ ಸುದ್ದಿ ಬಂತು. ದೊಡ್ಡಪ್ಪ ರಿಮೋಟಿನಿಂದ ಸದ್ದು ಅಡಗಿಸಿ, ನನಗೆ ಫೋನ್ ಮಾಡಿ ಕೇಳಿದರು: "ಇದು ನಿಜವಾದ ಸುದ್ದೀನೋ, ಇಲ್ಲ ಕರಾಚಿ ಥರದ್ದೋ?"