ಪೆಶ್ ಮೆರ್ಲ್ ಕೈ ಗುರುತು: ಹನ್ನೊಂದನೇ ಕಲ್ಲಿಗೆ ಅಂಚು ಕೂತಿತು

ಫ್ರಾನ್ಸಿನ ಪೆಶ್ ಮೆರ್ಲ್ ಗುಹೆಯಲ್ಲಿರುವ ಹಳೆಯ ಕೈ ಗುರುತಿನಂತೆ, ಕಲ್ಲಿಗೆ ಕೈ ಒತ್ತಿ ಸುತ್ತ ಕೆಮ್ಮಣ್ಣು ಊದಿ ಮಾಡಿ ನೋಡುತ್ತಿದ್ದೇನೆ. ಕೊನೆಗೂ ಕೈಯ ಅಂಚು ಕೂತಿತು! ಐದು ಬೆರಳೂ ಬಿಡಿಬಿಡಿಯಾಗಿ ಕಾಣುತ್ತಿವೆ. ಒಳಗೆ ಕಲ್ಲಿನ ಬಿಳುಪು ಹಾಗೇ ಉಳಿದಿದೆ, ಸುತ್ತಲೂ ಕೆಂಪು ಮಂಜು ಹರಡಿದಂತಿದೆ. ಬೆಳಿಗ್ಗೆಯಿಂದ ನಾಲ್ಕು ಸಲ ನೆಲಮಾಳಿಗೆಗೆ ಇಳಿದು ನೋಡಿ ಬಂದೆ. ಹತ್ತು ಕಲ್ಲು ಹಾಳಾದ ಮೇಲೆ ಬಂದದ್ದು ಇದು.

ಆ ಗುಹೆ ಇರುವ ಕೆರ್ಸಿ ಸೀಮೆಗೆ ನಾವು ವಾರಾಂತ್ಯಕ್ಕೆ ಹೋಗುತ್ತಿರುತ್ತೇವೆ. ತುಲೂಸ್‌ನಿಂದ ಉತ್ತರಕ್ಕೆ ಕಾಓರ್ ಪಟ್ಟಣ, ಅಲ್ಲಿಂದ ಲಾಟ್ ನದಿಯ ದಂಡೆಯಲ್ಲೇ ರಸ್ತೆ, ಸೆಲೆ ನದಿ ಬಂದು ಸೇರುವಲ್ಲಿ ಎಡಕ್ಕೆ ತಿರುಗಿದರೆ ಕಾಬ್ರೆರೆ ಹಳ್ಳಿ. ಮೇಲಿನ ಬಯಲಿನಲ್ಲಿ ಗಿಡ್ಡ ಓಕ್ ಮರ, ಕುರಿ, ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಗೋಡೆ. ನೀರು ಕಾಣುವುದೇ ಅಪರೂಪ. ಮಳೆ ನೀರೆಲ್ಲ ಸುಣ್ಣದಕಲ್ಲಿನ ಬಿರುಕಿಗೆ ಇಳಿದು ಒಳಗೊಳಗೇ ಗುಹೆ ಕೊರೆಯುತ್ತದೆ. ನೆಲ ಕುಸಿದ ತಗ್ಗಿಗೆ ಅಲ್ಲಿನವರು ಕ್ಲೂಪ್ ಅನ್ನುತ್ತಾರೆ, ಬಾವಿಯಂತೆ ನೇರ ಇಳಿಯುವ ಗುಂಡಿಗೆ ಇಗ್. ಪಾದಿರಾಕ್ ಅಂಥದ್ದೇ, ಆದರೆ ಭಾರೀ ಗಾತ್ರದ್ದು. ಬಾಯಿ ಸುಮಾರು 35 ಮೀಟರ್ ಅಗಲ, ಆಳ 75 ಮೀಟರ್. 1889ರಲ್ಲಿ ಗುಹೆ ಶೋಧಕ ಮಾರ್ತೆಲ್ ಮೊದಲ ಸಲ ಒಳಗಿಳಿದು ನೆಲದಡಿಯ ನದಿ ಕಂಡ. ಈಗ ಅಲ್ಲಿ ದೋಣಿಯಲ್ಲೇ ಹೋಗಬಹುದು. ಅದರ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ, ಇವತ್ತು ಕೈ ಗುರುತಿನ ದಿನ.

ಪೆಶ್ ಮೆರ್ಲ್ ಗುಹೆಗೆ ಇದು ನನ್ನ ಮೂರನೇ ಭೇಟಿ. 1922ರಲ್ಲಿ ಊರಿನ ಇಬ್ಬರು ಹುಡುಗರು, ಆಂದ್ರೆ ದಾವಿದ್ ಮತ್ತು ಆಂರಿ ದ್ಯುತೆರ್ತ್ರ್, ತೆವಳಿಕೊಂಡು ಹೋಗಿ ಚಿತ್ರಗಳನ್ನು ಕಂಡರು. ಅವರಿಗೆ ಗುಹೆಯ ಹುಚ್ಚು ಹಿಡಿಸಿದ್ದು ಕಾಬ್ರೆರೆಯ ಪಾದ್ರಿ ಅಮೆದೆ ಲೆಮೋಜಿ. ದಿನಕ್ಕೆ 700 ಜನರಿಗೆ ಮಾತ್ರ ಪ್ರವೇಶ, ಹಾಗಾಗಿ ಮುಂಚೆಯೇ ಟಿಕೆಟ್ ಮಾಡಿಸಿ. ಫೋಟೊ ತೆಗೆಯುವಂತಿಲ್ಲ. ಅದರಿಂದ ಒಳ್ಳೆಯದೇ ಆಯಿತು, ಕಣ್ಣು ಕೀಲಿಸಿ ನೋಡಿದೆ.

ಚುಕ್ಕೆ ಕುದುರೆಗಳ ಚಿತ್ರದ ಮುಂದೆ ನಿಂತರೆ ಮಾತು ಬರುವುದಿಲ್ಲ. ಎರಡು ಕುದುರೆ, ಬೆನ್ನಿಗೆ ಬೆನ್ನು. ಸುಮಾರು 29,000 ವರ್ಷ ಹಳೆಯವು. ಬಲಗಡೆಯ ಕುದುರೆಯ ತಲೆ ಇರುವ ಕಡೆ ಬಂಡೆಯೇ ಕುದುರೆ ತಲೆಯಂತೆ ಚಾಚಿದೆ. ಮೈಮೇಲೂ ಸುತ್ತಲೂ ಚುಕ್ಕೆ. ಬಹಳ ಕಾಲ ಈ ಚುಕ್ಕೆ ಬರೀ ಕಲ್ಪನೆ ಅಂದುಕೊಂಡವರಿದ್ದರು. 2011ರಲ್ಲಿ ಹಳೆಯ ಕುದುರೆ ಮೂಳೆಗಳ ಡಿಎನ್‌ಎ ನೋಡಿದಾಗ, ಆ ಕಾಲದಲ್ಲಿ ಚುಕ್ಕೆ ಕುದುರೆ ನಿಜವಾಗಿಯೂ ಇದ್ದವು ಅಂತ ಗೊತ್ತಾಯಿತು. ಈ ಸಲ ಅಮ್ಮನೂ ಜೊತೆಗಿದ್ದರು, ಸಾಗರದಿಂದ ಬಂದು ಎರಡು ವಾರ ಆಗಿತ್ತು. ಶಾಲು ಬಿಗಿಯಾಗಿ ಹೊದ್ದುಕೊಂಡು ನೋಡಿ ನಿಧಾನಕ್ಕೆ ಅಂದರು, "ಗೋಪೂಜೆ ದಿನ ದನಕ್ಕೆ ಅಚ್ಚು ಹಾಕಿದ ಹಾಗಿದೆ ನೋಡೋ." ಲೋಟದ ಬಾಯನ್ನು ಕೆಮ್ಮಣ್ಣಿಗೆ ಅದ್ದಿ ಕೊಟ್ಟಿಗೆಯಲ್ಲಿ ಅಚ್ಚು ಒತ್ತುತ್ತಿದ್ದ ದೀಪಾವಳಿಗಳು ನನಗೂ ನೆನಪಾದವು.

ಕುದುರೆಗಳ ಸುತ್ತ ಕೈ ಗುರುತುಗಳಿವೆ. ಕೈಯನ್ನು ಬಂಡೆಗೆ ಒತ್ತಿ ಸುತ್ತ ಬಣ್ಣ ಊದಿದ್ದು. ಗುಹೆಚಿತ್ರಗಳನ್ನು ಅಧ್ಯಯನ ಮಾಡಿದ ಪುರಾತತ್ವಜ್ಞ ಮಿಶೆಲ್ ಲೋರ್ಬ್ಲಾಂಶೆ ಇಡೀ ಕುದುರೆ ಚಿತ್ರವನ್ನು ಬೇರೊಂದು ಗುಹೆಯ ಗೋಡೆ ಮೇಲೆ ಮಾಡಿ ನೋಡಿದರು. ಇದ್ದಿಲು ಅಗಿದು, ಎಂಜಲಲ್ಲಿ ಕಲಸಿ, ಬಾಯಿಂದಲೇ ತುಂತುರಾಗಿ ಉಗುಳಿದರು. ನೇರ ಗೆರೆ ಬೇಕಾದಲ್ಲಿ ಅಂಗೈಯನ್ನೇ ಅಡ್ಡ ಹಿಡಿದರು. ಒಟ್ಟು 32 ಗಂಟೆ ಹಿಡಿಯಿತು. ನನ್ನ ಈ ಕೆಲಸ ಶುರುವಾಗಿದ್ದೇ ಅವರಿಂದ.

ಬಣ್ಣದ ಮಣ್ಣನ್ನು ಅರೆಯುವುದು, ಸೋಸುವುದು, ನೆನೆಹಾಕುವುದು ಇಲ್ಲಿ ಬೇಡ, ಬಿಡಿ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕಪ್ಪು ಬಣ್ಣಕ್ಕೆ ಬಳಸುವ ಮ್ಯಾಂಗನೀಸ್ ಪುಡಿಯನ್ನು ಬಾಯಿಗೆ ಹಾಕಬೇಡಿ, ಅದು ವಿಷ. ಲೋರ್ಬ್ಲಾಂಶೆ ಕೂಡ ಅದನ್ನು ಬಿಟ್ಟು ಇದ್ದಿಲನ್ನೇ ಬಳಸಿದರು. ಕೆಮ್ಮಣ್ಣನ್ನೂ ನಾನು ಬಾಯಿಗೆ ಹಾಕುವುದಿಲ್ಲ, ಕೊಳವೆಯಲ್ಲಿ ಊದುತ್ತೇನೆ. ಒಂದು ಕೊಳವೆ ಬಣ್ಣದಲ್ಲಿ ನೆಟ್ಟಗೆ, ಇನ್ನೊಂದು ಬಾಯಲ್ಲಿ ಅಡ್ಡಕ್ಕೆ. ಊದಿದ ಗಾಳಿ ನೆಟ್ಟಗಿನ ಕೊಳವೆಯ ತುದಿಯ ಮೇಲೆ ಹಾದರೆ ಬಣ್ಣ ತಾನೇ ಮೇಲೇರಿ ತುಂತುರಾಗುತ್ತದೆ. ಕೊಳವೆಗೆ ಸ್ಯೂರೊ (ಇಂಗ್ಲಿಷಿನಲ್ಲಿ ಎಲ್ಡರ್) ಗಿಡದ ಕಡ್ಡಿ ಸಾಕು, ಬೇಲಿಯಲ್ಲೆಲ್ಲ ಬೆಳೆದಿದೆ. ಒಳಗಿನ ಬೆಂಡನ್ನು ತಂತಿಯಿಂದ ತಳ್ಳಿದರೆ ಆಯಿತು. ಚಿಕ್ಕವರಿದ್ದಾಗ ಪಪ್ಪಾಯಿ ಎಲೆಯ ದಂಟಿನಲ್ಲಿ ಊದಿ ಆಡಿದವರಿಗೆ ಇದು ಬೇಗ ಕೈ ಹತ್ತುತ್ತದೆ.

ಇಷ್ಟೆಲ್ಲ ಸರಿ ಇತ್ತು, ಅಂಚು ಮಾತ್ರ ಬರಲಿಲ್ಲ.

ಮೊದಲ ಮೂರು ಕಲ್ಲು ಹಾಳಾಗಿದ್ದು ಮಾರಿದವರಿಂದ. ಒರಟು ಮೈಯ ಸುಣ್ಣದಕಲ್ಲಿನ ಹಲಗೆ ಬೇಕು, ಏನೂ ಬಳಿದಿರಬಾರದು ಅಂತ ಎರಡು ಸಲ ಹೇಳಿದ್ದೆ. ಕೊಟ್ಟದ್ದು ಅಂಗಳಕ್ಕೆ ಹಾಸುವ, ನೀರು ಹೀರದಂತೆ ಲೇಪ ಹಾಕಿದ ಕಲ್ಲು! ಕೆಸುವಿನೆಲೆ ಮೇಲಿನ ನೀರಿನಂತೆ ಬಣ್ಣ ಗುಂಡಗಾಗಿ ಉರುಳಿತು. ಇನ್ನೊಂದು ಕಡೆಯಿಂದ ತರಿಸಿದ ಕೆಮ್ಮಣ್ಣೂ ಮಣ್ಣಾಗಿರಲಿಲ್ಲ, ಸಿಮೆಂಟಿಗೆ ಬೆರೆಸುವ ಕೃತಕ ಕೆಂಪು ಪುಡಿ. ಚಿಟಿಕೆ ಹಾಕಿದರೆ ಬಕೆಟ್ ಪೂರ್ತಿ ಕೆಂಪು, ಉಗುರಿನ ಸಂದಿಯಲ್ಲಿ ವಾರಗಟ್ಟಲೆ ಉಳಿಯಿತು. ನಿಜವಾದ ಕೆಮ್ಮಣ್ಣಿನಲ್ಲಿ ಜೇಡಿ ಇರುತ್ತದೆ. ಒದ್ದೆ ಮಾಡಿ ಬೆರಳಲ್ಲಿ ತಿಕ್ಕಿದರೆ ನುಣ್ಣಗೆ ಅಂಟುತ್ತದೆ. ದುಡ್ಡು ವಾಪಸ್ ಕೇಳಿ ಬರೆದ ಮೇಲ್‌ಗೆ ಇನ್ನೂ ಉತ್ತರ ಇಲ್ಲ.

ನಾಲ್ಕರಿಂದ ಎಂಟನೇ ಕಲ್ಲಿನವರೆಗೆ ಸರಿಯಾದ ಕಲ್ಲು, ಸರಿಯಾದ ಮಣ್ಣು. ಆದರೂ ಒಣಗಿದ ಮೇಲೆ ಕೈ ಸವರಿದರೆ ಬಣ್ಣವೆಲ್ಲ ಪುಡಿಯಾಗಿ ಉದುರುತ್ತಿತ್ತು. ಗಟ್ಟಿ ಕಲಸಿದರೆ ಕೊಳವೆ ಕಟ್ಟುತ್ತದೆ, ತೆಳು ಮಾಡಿದರೆ ಬೆರಳ ಅಡಿಗೆ ನುಗ್ಗಿ ಸೋರುತ್ತದೆ. ಹತ್ತಿರದಿಂದ ಊದಿದೆ, ದೂರದಿಂದ ಊದಿದೆ. ತಪ್ಪು ಬಣ್ಣದಲ್ಲೇ ಇದೆ ಅಂತ ಎರಡು ತಿಂಗಳು ಅದನ್ನೇ ಬದಲಾಯಿಸುತ್ತಾ ಕೂತಿದ್ದೆ.

ಗುಹೆಯಿಂದ ಬಂದ ಸಂಜೆ ಅಮ್ಮ ಬಾಡಿಗೆ ಮನೆಯ ಹಿತ್ತಿಲಲ್ಲಿ ಕೂತು ನಾನು ಊದುವುದನ್ನು ನೋಡುತ್ತಿದ್ದರು. ಒಂಬತ್ತನೇ ಕಲ್ಲು, ಇಡೀ ಮಧ್ಯಾಹ್ನ ಬಿಸಿಲಲ್ಲಿ ಕಾದಿತ್ತು. ಬಣ್ಣ ಬಿದ್ದ ಕ್ಷಣವೇ ಚುರ್ ಅಂತ ಹೀರಿಕೊಂಡಿತು. ಅಮ್ಮ ಕೇಳಿದರು, "ಅಲ್ವೋ, ಗೋಡೆಗೆ ನೀರು ಹಾಕದೆ ಯಾರಾದ್ರೂ ಸುಣ್ಣ ಹೊಡೀತಾರಾ?"

ಕೊಳವೆ ಕೆಳಗಿಟ್ಟೆ.

ಗುಹೆಯ ಒಳಗೆ ಗೋಡೆ ಒಣಗುವುದೇ ಇಲ್ಲ. ಗಾಳಿಯಲ್ಲೇ ತೇವ, ವರ್ಷವಿಡೀ ತಂಪು. ಮೂರು ಸಲ ಹೋಗಿದ್ದೆ, ಮೂರು ಸಲವೂ ಆ ತೇವ ನನ್ನ ಕನ್ನಡಕದ ಮೇಲೆ ಕೂತಿತ್ತು. ಒಣ ಕಲ್ಲು ನೀರನ್ನು ಮಾತ್ರ ಗಬಕ್ಕನೆ ಎಳೆದುಕೊಳ್ಳುತ್ತದೆ, ಮಣ್ಣಿನ ಕಣ ಮೇಲೇ ಧೂಳಿನ ಹಾಗೆ ಉಳಿಯುತ್ತದೆ. ಕಲ್ಲು ಮೊದಲೇ ತೇವವಾಗಿದ್ದರೆ ಬಣ್ಣ ನಿಧಾನಕ್ಕೆ ಇಳಿಯುತ್ತದೆ, ಕಣಗಳು ರಂಧ್ರದೊಳಗೆ ಕೂರುತ್ತವೆ.

ಹತ್ತನೇ ಕಲ್ಲನ್ನು ರಾತ್ರಿಯಿಡೀ ನೆನೆಹಾಕಿದೆ. ಅದು ಜಾಸ್ತಿಯಾಯಿತು, ಕೈ ಗುರುತು ಜಾರಿ ಕಣ್ಣೀರಿನಂತೆ ಗೆರೆಗೆರೆಯಾಗಿ ಇಳಿಯಿತು. ಹನ್ನೊಂದನೆಯದನ್ನು ನೆನೆಸಿ, ನೀರು ಬಸಿದು, ಒದ್ದೆ ಗೋಣಿ ಸುತ್ತಿ ನೆಲಮಾಳಿಗೆಯಲ್ಲಿ ನಿಲ್ಲಿಸಿದೆ. ಮರುದಿನ ಮುಟ್ಟಿದರೆ ತಣ್ಣಗಿತ್ತು, ಬೆರಳಿಗೆ ನೀರು ಹತ್ತಲಿಲ್ಲ. ಅದೇ ಹದ! ಬಣ್ಣ ತೆಳು ಮಜ್ಜಿಗೆಯಷ್ಟು, ದೂರ ಒಂದು ಗೇಣಿಗಿಂತ ಕಡಿಮೆ. ಒಂದೇ ಸಲ ಜೋರಾಗಿ ಊದಬೇಡಿ. ಫೂ, ಫೂ ಅಂತ ಚಿಕ್ಕ ಚಿಕ್ಕ ಉಸಿರು, ಪ್ರತಿ ಸಲ ಸ್ವಲ್ಪ ಸರಿಯುತ್ತಾ. ಕೊಳವೆ ಬೆರಳಿಗೆ ನೇರ ಎದುರಾಗಿರಲಿ, ಓರೆಯಾದರೆ ಅಡಿಗೆ ನುಗ್ಗುತ್ತದೆ. ನನಗೆ 40 ನಿಮಿಷ ಹಿಡಿಯಿತು, ಮಧ್ಯೆ ತಲೆ ಸುತ್ತಿ ಎರಡು ಸಲ ಕೂತೆ. ಒಣಗಿದ ಮೇಲೆ ಸವರಿ ನೋಡಿದೆ, ಬೆರಳಿಗೆ ಚೂರೂ ಹತ್ತಲಿಲ್ಲ.

ಮುಂದೆ ಕುದುರೆಯ ಬೆನ್ನಿನ ಗೆರೆ. ಒಂದು ಕಡೆ ಚೂಪು ಅಂಚು, ಇನ್ನೊಂದು ಕಡೆ ಮಸುಕು. ಅದಕ್ಕೆ ಎರಡು ಮೀಟರ್ ಕಲ್ಲು ಬೇಕು, ಈ ಸಲ ನಾನೇ ಹೋಗಿ ನೀರು ಸುರಿದು ನೋಡಿ ತರುತ್ತೇನೆ.

ಅದರ ನಡುವೆ ಇನ್ನೊಂದು ಆಸೆ ಹುಟ್ಟಿದೆ. ಆ ಬಯಲಲ್ಲಿ ಕುರುಬರ ಕಲ್ಲಿನ ಗುಡಿಸಲುಗಳಿವೆ, ಕಾಸೆಲ್ ಅನ್ನುತ್ತಾರೆ. ಗಾರೆ ಇಲ್ಲ, ಮರ ಇಲ್ಲ. ಪ್ರತಿ ಸುತ್ತಿನ ಕಲ್ಲನ್ನೂ ಸ್ವಲ್ಪ ಸ್ವಲ್ಪವೇ ಒಳಕ್ಕೆ ಚಾಚಿ ಮೇಲೆ ಮುಚ್ಚುತ್ತಾರೆ. ಹಾಳಾದ ಹತ್ತು ಹಲಗೆಗಳನ್ನು ಒಡೆದರೆ ಮೊಣಕಾಲೆತ್ತರದ ಒಂದು ಮಾದರಿಗೆ ಸಾಕಲ್ವಾ? ಡಿಸೆಂಬರಿನಲ್ಲಿ ಊರಿಗೆ ಹೋದಾಗ ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿಗೂ ಹೋಗಬೇಕು. ಅಲ್ಲಿಯೂ ಬಂಡೆ ಮೇಲೆ ಕೆಂಪು ಚಿತ್ರಗಳಿವೆ. ಹೋದವರಿದ್ದರೆ ದಾರಿ ಹೇಳಿ.

ಅಮ್ಮ ಶನಿವಾರ ಹೊರಡುತ್ತಾರೆ. ಹನ್ನೆರಡನೇ ಕಲ್ಲು ಗೋಣಿಯಲ್ಲಿದೆ, ನಾಳೆ ಅದರ ಮೇಲೆ ಅವರ ಕೈ. ಬಳೆ ತೆಗೆಯಬೇಕಾ ಅಂತ ಕೇಳಿದರು. ಬೇಡ ಅಂದೆ.